ರಜಾಕ್ ಸಾಬರ ಜೋಡಿ ಗೂಟ

“ಈ ಹಲ್ಲು ಉಳಿಯಾಕಿಲ್ಲ ಕಣಮ್ಮ” ಎಂದವರು ರಜಾಕ್ ಸಾಬರು. ಹುಣಸೂರಿನ ನನ್ನ ಕ್ಲಿನಿಕ್ಕಿಗೆ ಹಲ್ಲಿನ ಕ್ಯಾಪು ಮಾಡಿಕೊಡುತ್ತಿದ್ದವರು. ಓದಿದ್ದು ಏಳನೇ ಕ್ಲಾಸು. ನಾನೋ, ಹೊಗೆಸೊಪ್ಪು ಕಟ್ಟುವ ಮನೆಯಿಂದ ಬಂದು ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಪಡೆದವಳು. ಮೈ ಉರಿದುಹೋಯಿತು.

ಸಾಬರು ಪ್ರತಿ ಕ್ಯಾಪಿನ ಅಂಚನ್ನೂ ಕಣ್ಣು ಮುಚ್ಚಿ ಹೆಬ್ಬೆರಳ ಉಗುರಿನಿಂದ ಸವರುವರು. ಉಗುರು ತಡೆದರೆ ಮತ್ತೆ ಉಜ್ಜುವರು. ಇಂಪ್ಲಾಂಟ್ ಹಲ್ಲಾದರೆ ಜೊತೆಗೊಂದು ಪುಟ್ಟ ಗೂಟ ಕಳಿಸುವರು. ದವಡೆಗೆ ಕೂರಿಸಿದ ತಿರುಪಿನ ಮೇಲೆ ಕ್ಯಾಪು ಹೊರುವ ಗೂಟವಿರುತ್ತದಲ್ಲ, ಅದರದೇ ನಕಲು. ಏಕೆಂದು ನಾನು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ಡ್ರಾಯರಿಗೆ ಹಾಕಿಬಿಡುತ್ತಿದ್ದೆ.

ರಾವಂದೂರಿನ ಜಯಮ್ಮ ನನ್ನ ಮೊದಲ ಇಂಪ್ಲಾಂಟ್ ಪೇಷಂಟು. ಕ್ಯಾಪು ಎಂದೂ ಕಳಚಬಾರದೆಂದು, ಅದನ್ನು ಅಂಟಿಸಲು ಎಲ್ಲಕ್ಕಿಂತ ಗಟ್ಟಿ ಸಿಮೆಂಟನ್ನೇ ಧಾರಾಳವಾಗಿ ಹಾಕಿದ್ದೆ. ಅದನ್ನು ಹೆಮ್ಮೆಯಿಂದ ಹೇಳಿದಾಗಲೇ ಸಾಬರು ಹಲ್ಲು ಉಳಿಯಾಕಿಲ್ಲವೆಂಬ ಆ ಮಾತು ಆಡಿದ್ದು.

ಕೆಲವು ತಿಂಗಳಿಗೆ ಜಯಮ್ಮ ದವಡೆ ಹಿಡಿದುಕೊಂಡು ಬಂದರು. “ಕೀವು ಬತ್ತದೆ ಕಣವ್ವ. ಕಿತ್ತಾಕ್ಬುಡ್ತೀಯಾ?” ಎಕ್ಸ್‌ರೇಯಲ್ಲಿ ಮೂಳೆ ಸವೆಯತೊಡಗಿತ್ತು, ಕಾರಣ ಮಾತ್ರ ಕಾಣಲಿಲ್ಲ. ಹೀಗೇ ಬಿಟ್ಟರೆ ತಿರುಪೇ ಹೋಗುತ್ತಿತ್ತು. ನಾಚಿಕೆ ಬಿಟ್ಟು ಸಾಬರ ಅಂಗಡಿಯ ಮೆಟ್ಟಿಲು ಹತ್ತಿದೆ.

“ಮಿಕ್ಕಿದ ಸಿಮೆಂಟು ವಸಡೊಳಕ್ಕೆ ಇಳಿದದೆ. ಆ ಜಾತಿ ಸಿಮೆಂಟು ಎಕ್ಸ್‌ರೇಲಿ ಕಾಣಾಕಿಲ್ಲ” ಎಂದರು. “ಗೂಟ ಯಾಕೆ ಕೊಟ್ಟಿದ್ದು? ಸಿಮೆಂಟು ಹಾಕಿದ ಕ್ಯಾಪ್ನ ಮೊದ್ಲು ಅದರ ಮೇಲೆ ಒತ್ತಿ. ಹೆಚ್ಚಿಂದು ಆಚೆಗೇ ಬತ್ತದೆ, ಒರೆಸಿ. ಆಮೇಲೆ ಬಾಯಿಗಿಡಿ. ಬಿಚ್ಚೋಕಾಗೋ ಸಿಮೆಂಟು ಹಾಕಿ, ನಾಳೆ ರಿಪೇರಿ ಬಂದ್ರೆ? ಇಷ್ಟು ಓದಿದೀರಿ, ಒಂದ್ಮಾತು ಕೇಳ್ಬಾರ್ದಾ?”

ಕ್ಯಾಪು ಕತ್ತರಿಸಿ ತೆಗೆದೆ. ವಸಡಿನಡಿ ಅಕ್ಕಿನುಚ್ಚಿನಂಥ ಸಿಮೆಂಟು. ಕೆರೆದು ತೊಳೆದೆ. ತಿರುಪು ಉಳಿಯಿತು. ಹೊಸ ಕ್ಯಾಪನ್ನು ಸಾಬರು ಹೇಳಿದಂತೆಯೇ ಕೂರಿಸಿದೆ.

ಆಮೇಲೆ ನೆಪ ಹುಡುಕಿಕೊಂಡು ಸಾಬರ ಅಂಗಡಿಗೆ ಹೋಗುತ್ತಿದ್ದೆ. ನನ್ನ ಕೆಲಸದ ಮಾತು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗದು. ಅಂಚು, ಸಿಮೆಂಟು, ಉಗುರು ಎಂದು ಮಾತಾಡಲು ಇಡೀ ಊರಲ್ಲಿ ನನಗಿದ್ದವರು ಅವರೊಬ್ಬರೇ.

ಇಂಪ್ಲಾಂಟಿನಲ್ಲಿ ಹೆಚ್ಚಿನ ಕೋರ್ಸಿಗೆಂದು ಮೈಸೂರಿಗೆ ಓಡಾಡುತ್ತಿದ್ದಾಗಲೇ ಸಾಬರು ತೀರಿಕೊಂಡರು. ಸರ್ಟಿಫಿಕೇಟು ಬಂದ ದಿನ ಅವರ ಮನೆಗೆ ಒಯ್ದು ಹೆಂಡತಿ ಜುಬೇದಾಬಿಯ ಕೈಗಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ಚೆನ್ನಾಗದೆ ಬೇಟಿ” ಎಂದರು. “ಇನ್ಮೇಲೆ ನಿನ್ ಕೆಲ್ಸದಲ್ಲಿ ತಪ್ಪು ಹುಡುಕೋರು ಯಾರು?”