ಗುರುತಿಲ್ಲದ ತೋಳು

ಅದು ಮೂವತ್ತರ ದಶಕದ ನಡುಭಾಗ. ನಾನು ಮಂಗಳೂರಿನ ಪುರಸಭೆಯಲ್ಲಿ ರೆಕಾರ್ಡ್ ಕೀಪರ್ ಆಗಿದ್ದೆ. ಜನನ, ಮರಣ ಮತ್ತು ಸಿಡುಬಿನ ಲಸಿಕೆಯ ರಿಜಿಸ್ಟರುಗಳು ನನ್ನ ವಶದಲ್ಲಿದ್ದವು. ಲಸಿಕೆಗೆ ಜನ ‘ದಾಕು’ ಎನ್ನುತ್ತಿದ್ದರು. ತೋಳಿನ ಮೇಲೆ ಗೀರಿ ಹಾಕುವ ಆ ಮದ್ದು ಕಡ್ಡಾಯವಾಗಿತ್ತು, ತಪ್ಪಿಸಿದವರ ಮೇಲೆ ಕೇಸು. ಹಾಗಾಗಿ ನಮ್ಮ ಖಾಕಿ ಕೋಟಿನ ವ್ಯಾಕ್ಸಿನೇಟರ್ ಓಣಿಗೆ ಕಾಲಿಟ್ಟರೆ ಸಾಕು, ಮಕ್ಕಳೆಲ್ಲ ಮಾಯ. ಕಳ್ಳನಿಗೂ ಜನ ಅಷ್ಟು ಹೆದರುತ್ತಿರಲಿಲ್ಲ.

ಒಂದು ಏಪ್ರಿಲ್ ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಶೀನಪ್ಪ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಹಿಂದೆಯೇ ಉರ್ವದ ಕಲ್ಯಾಣಿ, ಹಂಚಿನ ಕಾರ್ಖಾನೆಯಲ್ಲಿ ಕೂಲಿಗೆ ಹೋಗುವ ಹೆಂಗಸು. ಅವಳ ಮಗಳು ವಾರಿಜ ಹಿಂದಿನ ಸಂಜೆ ಉರ್ವದ ಮಾರ್ಕೆಟಿನಿಂದ ಕಾಣೆಯಾಗಿದ್ದಳು.

ಮಗು ಕಾಣೆಯಾದರೆ ಪೊಲೀಸರು ನಮ್ಮಲ್ಲಿಗೆ ಬರುವುದು ವಾಡಿಕೆ. ತಾಯಂದಿರು ಹೇಳುವ ವಯಸ್ಸು ಅಂದಾಜಿನದು. ನಾವು ಜನನ ರಿಜಿಸ್ಟರಿನಿಂದ ಸರಿಯಾದ ವಯಸ್ಸನ್ನೂ, ಲಸಿಕೆ ರಿಜಿಸ್ಟರಿನಿಂದ ತೋಳಿನ ಗುರುತನ್ನೂ ತೆಗೆದುಕೊಟ್ಟರೆ ಅವರು ಅದನ್ನೇ ಬೇರೆ ಠಾಣೆಗಳಿಗೆ ತಂತಿಯಲ್ಲಿ ಕಳಿಸುತ್ತಿದ್ದರು.

“ಎಡಗೈಯಲ್ಲಿ ದಾಕಿನ ಕಲೆ ಉಂಟಂತೆ. ನಿಮ್ಮ ಬುಕ್ಕಲ್ಲಿ ನೋಡಿ ಒಂದು ಸಹಿ ಹಾಕಿ, ಬೇಗ,” ಎಂದ ಶೀನಪ್ಪ.

ನೋಡಿದೆ. ವಾರಿಜಳ ಹೆಸರಿತ್ತು, ಲಸಿಕೆ ಹಾಕಿದ ದಾಖಲೆ ಇರಲಿಲ್ಲ. ಪ್ರತಿ ವರ್ಷದ ಷರಾ ಒಂದೇ: ‘ಮಗು ಊರಲ್ಲಿಲ್ಲ.’

“ಇವಳಿಗೆ ದಾಕು ಹಾಕಿಯೇ ಇಲ್ಲವಲ್ಲ?” ಎಂದು ಕೇಳಿದೆ.

ಕಲ್ಯಾಣಿ ಹೆದರಿ ಶೀನಪ್ಪನತ್ತ ನೋಡಿದಳು. ನನಗೆ ಸಿಟ್ಟು ನೆತ್ತಿಗೇರಿತು. “ಕೇಸು ಹಾಳಾಗಿ ಹೋಗಲಿ! ಮಗು ಬೇಕಾ ಬೇಡವಾ? ನಿಜ ಹೇಳು!”

“ಹಾಕಿಸ್ಲಿಲ್ಲ ಸ್ವಾಮಿ,” ಎಂದು ಅವಳು ಅಳತೊಡಗಿದಳು. “ನಿಮ್ಮವರು ಬಂದಾಗೆಲ್ಲ ಸೌದೆ ರಾಶಿಯ ಹಿಂದೆ ಕೂರಿಸ್ತಿದ್ದೆ. ನಿಜ ಹೇಳಿದ್ರೆ ಜೈಲು ಅಂತ ಹೆದರಿ ಪೊಲೀಸರಿಗೆ ಕಲೆ ಉಂಟು ಅಂತ ಸುಳ್ಳು ಹೇಳಿದೆ.”

ಶೀನಪ್ಪನ ಮುಖ ಬಿಳಿಚಿತು. “ಅಯ್ಯೋ ಮಾರಾಯ್ರೇ! ಬೆಳಿಗ್ಗೆ ಬಂದರಿನಲ್ಲಿ ಇದೇ ಪ್ರಾಯದ ಒಂದು ಹುಡುಗಿಯ ಕೈ ನಾನೇ ನೋಡಿದ್ದು. ಕಲೆ ಇಲ್ಲ ಅಂತ ಬಿಟ್ಟೆ. ಬೊಂಬಾಯಿಗೆ ಹೋಗುವವರು!”

ಬೊಂಬಾಯಿಯ ಸ್ಟೀಮರು ದಡಕ್ಕೆ ಬರುತ್ತಿರಲಿಲ್ಲ, ಅಳಿವೆಯಾಚೆ ಕಡಲಲ್ಲಿ ಲಂಗರು ಹಾಕುತ್ತಿತ್ತು. ಪ್ರಯಾಣಿಕರನ್ನು ದೋಣಿಗಳು ಒಯ್ಯುತ್ತಿದ್ದವು. ಮೂವರೂ ಸಿಕ್ಕಿದ ಜಟಕಾ ಹತ್ತಿದೆವು. ದಾರಿಯುದ್ದಕ್ಕೂ ಎತ್ತಿನ ಗಾಡಿಗಳು, ಹಂಚಿನ ಹೊರೆಗಳು. ಶೀನಪ್ಪ ಬೈಯುತ್ತಲೇ ಇದ್ದ, ಯಾರನ್ನೆಂದು ಅವನಿಗೂ ಗೊತ್ತಿರಲಿಲ್ಲ. ಸ್ಟೀಮರಿನ ಸೀಟಿ ಕೇಳಿದಾಗ ಇನ್ನೂ ಬೇಗ ಓಡಿಸು ಎಂದು ನಾನು ಜಟಕಾದವನಿಗೆ ಕೂಗಿದೆ.

ದೋಣಿಗಳು ನಿಲ್ಲುವ ಬಂದರಿನ ಧಕ್ಕೆಯಲ್ಲಿ ಉಳಿದಿದ್ದುದು ಕೊನೆಯ ದೋಣಿ. ಅದರ ಹಗ್ಗವನ್ನೂ ಬಿಚ್ಚಿಯಾಗಿತ್ತು. ಶೀನಪ್ಪ ಕೂಗಿ ನಿಲ್ಲಿಸಿದ. ಮೂಲೆಯಲ್ಲಿ ಒಬ್ಬ ಹೆಂಗಸು ಮಗುವಿಗೆ ಸೆರಗು ಹೊದಿಸಿ ಕೂತಿದ್ದಳು.

“ನನ್ನ ಮಗಳು. ಬೆಳಿಗ್ಗೆ ನೀವೇ ನೋಡಿ ಬಿಟ್ಟದ್ದಲ್ವಾ?” ಎಂದಳು ಅವಳು, ಸ್ವಲ್ಪವೂ ಅಳುಕದೆ.

ಸೆರಗು ಸರಿಸಿದಾಗ ಮಗು ಶೀನಪ್ಪನ ಖಾಕಿಯನ್ನು ಕಂಡು ಕಣ್ಣು ಮುಚ್ಚಿಕೊಂಡಿತು. ತುಟಿ ಬಿಗಿದಿತ್ತು. ಒಂದು ಸದ್ದಿಲ್ಲ. ಅಷ್ಟರಲ್ಲಿ ಕಲ್ಯಾಣಿ ಸೊಂಟದುದ್ದ ನೀರಿಗೆ ಇಳಿದು “ವಾರಿಜಾ!” ಎಂದಳು. ಮಗು ಕಣ್ಣು ತೆರೆದು “ಅಪ್ಪೆ!” ಎಂದು ಕಿರುಚಿತು. ಅಮ್ಮ ಎನ್ನುವ ಆ ಒಂದು ತುಳು ಮಾತು ಸಾಕಾಯಿತು. ಶೀನಪ್ಪ ಆ ಹೆಂಗಸಿನ ಕೈ ಹಿಡಿದು ದೋಣಿಯಿಂದ ಇಳಿಸಿದ.

“ಬೆಳಿಗ್ಗೆ ಯಾಕೆ ಬಾಯಿ ಬಿಡಲಿಲ್ಲ ಮಗಾ?” ಎಂದು ಶೀನಪ್ಪ ಕೇಳಿದ. ಉತ್ತರ ಕೊಟ್ಟವಳು ತಾಯಿ. “ಸರಕಾರದವರು ಬಂದ್ರೆ ಉಸಿರೆತ್ತಬಾರದು ಅಂತ ನಾನೇ ಕಲಿಸಿದ್ದು.”

ನನಗೆ ಆ ಮಾತು ಚುಚ್ಚಿತು. ಜನರಿಗೆ ನಮ್ಮ ಭಯವಿದ್ದರೆ ನಮ್ಮ ರಿಜಿಸ್ಟರುಗಳಲ್ಲಿ ಸುಳ್ಳೇ ತುಂಬುತ್ತದೆ, ಆ ಸುಳ್ಳಿಗೆ ಮಕ್ಕಳು ಬಲಿಯಾಗುತ್ತಾರೆ. ನೌಕರಿ ನನಗೆ ಕಲಿಸಿದ ದೊಡ್ಡ ಪಾಠ ಇದು. ದಾಕು ತಪ್ಪಿಸಿದ್ದಕ್ಕೆ ಕಲ್ಯಾಣಿಯ ಮೇಲೆ ಕೇಸು ಹಾಕಬೇಡಿ ಎಂದು ಹೆಲ್ತ್ ಆಫೀಸರರನ್ನು ನಾನೇ ಕೇಳಿಕೊಂಡೆ. ಅವರೂ ಒಪ್ಪಿದರು.

ಮುಂದಿನ ವಾರ ಕಲ್ಯಾಣಿ ತಾನಾಗಿಯೇ ಮಗಳನ್ನು ಕರೆತಂದಳು. ಖಾಕಿ ಕೋಟಿನವನು ತೋಳು ಹಿಡಿದದ್ದೇ ತಡ, ವಾರಿಜ ಇಡೀ ಆಫೀಸಿಗೆ ಕೇಳುವಂತೆ ಬೊಬ್ಬೆ ಹೊಡೆದಳು. ಗುಮಾಸ್ತರೆಲ್ಲ ಕಿವಿ ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ.