ವರನ ಮನೆಯ ವೈಫೈ

ನಾನು ನೆಟ್‌ವರ್ಕ್ ಇಂಜಿನಿಯರ್. ಗೋಕಾಕದಲ್ಲಿ ಆಫೀಸು, ಮೂಡಲಗಿಯಿಂದ ಹುಕ್ಕೇರಿವರೆಗೆ ನನ್ನ ಸಾಮ್ರಾಜ್ಯ. ಸುಗ್ಗಿ ಬಂತೆಂದರೆ ಆಳೆತ್ತರ ಕಬ್ಬು ಹೇರಿದ ಟ್ರ್ಯಾಕ್ಟರುಗಳು ನಮ್ಮ ಕೇಬಲ್ಲನ್ನು ಹರಿದುಕೊಂಡು ಹೋಗುತ್ತವೆ. ಬೈಗುಳ ಮಾತ್ರ ದಾರಿ ತಪ್ಪದೆ ನನ್ನ ಫೋನಿಗೇ ಬರುತ್ತದೆ. ಆದರೂ ಈ ಕೆಲಸವೆಂದರೆ ನನಗೆ ಜೀವ. ಸತ್ತ ಲೈನಿಗೆ ಹಸಿರು ದೀಪ ಬಂದಾಗಿನ ಖುಷಿ ಕರದಂಟು ತಿಂದರೂ ಸಿಗುವುದಿಲ್ಲ.

ಕೊಣ್ಣೂರಿನ ಮನೆಯಲ್ಲಿ ಅವ್ವನಿಗೆ ಇದು ನೌಕರಿಯೇ ಅಲ್ಲ. “ಹೆಣ್ಣಮಗಳು ನಿಚ್ಚಣಿಕಿ ಹತ್ತೂದು ನೋಡಿದ್ರ ಯಾರ್ ಮಾಡ್ಕೋತಾರ ನಿನ್ನ?” ಎಂದು ದಿನಾ ತಲೆ ತಿನ್ನುತ್ತಿದ್ದಳು. ಕೊನೆಗೂ ಹುಕ್ಕೇರಿಯ ಒಬ್ಬ ಧೈರ್ಯವಂತ ಒಪ್ಪಿದ. ಮನೆಯಲ್ಲೇ ಕುಳಿತು ಪುಣೆಯ ಕಂಪನಿಗೆ ದುಡಿಯುವವನು. ಮದುವೆಯಾದ ಮೇಲೂ ನನ್ನ ನೌಕರಿ ಉಳಿಯುತ್ತದೆಯೇ ಎಂಬುದೊಂದೇ ನನ್ನ ಪ್ರಶ್ನೆ. “ಮನಿ ನೋಡಾಕ ಬರ್ರಿ, ಆವಾಗ ಮಾತಾಡೂಣ್ರಿ” ಅಂದಿದ್ದರು ವರನ ಅಪ್ಪ. ಗಂಡಿನ ಮನೆ ನೋಡಲು ಹಿರಿಯರು ಹೋಗುತ್ತಾರೆ, ಹುಡುಗಿ ಹೋಗುವುದಿಲ್ಲ. ಅವ್ವನ ಜೊತೆ ನಾನೂ ಹೋದೆ. ಆ ಉತ್ತರವನ್ನು ನನ್ನ ಕಿವಿಯಿಂದಲೇ ಕೇಳಬೇಕಿತ್ತು.

ಚಹಾ, ಚೂಡಾ ಆದ ಮೇಲೆ ಮಾವನಾಗಲಿದ್ದವರು ಗಂಟಲು ಸರಿಮಾಡಿಕೊಂಡರು. “ನಮ್ಮ ಮನಿ ಸೊಸಿ ರಸ್ತಾದಾಗ ನಿಂತು ವೈರ್ ಜಗ್ಗೂದು ಚಂದ ಕಾಣೂದಿಲ್ರಿ. ನೌಕರಿ ಬಿಡಬೇಕು.”

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನ ಕೋಣೆಯಿಂದ ವರ ಬೆವರುತ್ತ ಓಡಿ ಬಂದ. “ನೆಟ್ ಹೋಗೇತಿ. ಮೀಟಿಂಗ್ ನಡದೈತಿ. ಸ್ವಲ್ಪ ನೋಡ್ತೀರೇನ್ರಿ?”

ರಸ್ತೆಯಲ್ಲಿ ಚಂದ ಕಾಣದ ಕೆಲಸ ಕೋಣೆಯಲ್ಲಿ ಚಂದ ಕಾಣುತ್ತದೇನೋ. ರೇಷ್ಮೆ ಸೆರಗು ಸಿಕ್ಕಿಸಿಕೊಂಡು ಕುರ್ಚಿ ಹತ್ತಿದೆ. ಬೀಗರು ಕೋಣೆ ನೋಡುತ್ತಾರೆಂದು ಅತ್ತೆಯಾಗಲಿದ್ದವರು ಜೋತುಬಿದ್ದ ಕೇಬಲ್ಲನ್ನು ಆಗಷ್ಟೇ ಮಡಚಿ, ಮೊಳೆಗೆ ಬಿಗಿಯಾಗಿ ಸುತ್ತಿದ್ದರು. ಅದರೊಳಗಿರುವುದು ಗಾಜಿನ ಎಳೆ, ಅಷ್ಟು ಬಿಗಿದರೆ ಬೆಳಕು ಹಾಯುವುದಿಲ್ಲ. ಬಿಚ್ಚಿ ಸಡಿಲ ಬಿಟ್ಟೆ. ನೆಟ್ ಬಂತು, ವರ ಥ್ಯಾಂಕ್ಸ್ ಹೇಳುವುದನ್ನೂ ಮರೆತು ಮೀಟಿಂಗಿಗೆ ಓಡಿದ.

ಮಾವನವರಿಗೆ ಆನಂದವೋ ಆನಂದ. “ನೋಡ್ರಿ, ವಿದ್ಯಾ ಅಂದ್ರ ಇದು! ಬಾಜೂಕ ನಮ್ಮ ತಮ್ಮಂದಿರ ಮನಿ ಅದಾವು. ನೌಕರಿ ಬಿಟ್ಟ ಮ್ಯಾಲೆ ಎಲ್ಲಾರ ನೆಟ್ಟೂ ಆಕೀನ ನೋಡ್ಕೊಂಡು ಹೋಗಲಿ.”

ಪಗಾರ ತಗೊಂಡರೆ ಮರ್ಯಾದೆಗೇಡು, ಬಿಟ್ಟಿ ಮಾಡಿದರೆ ಮನೆತನದ ಭೂಷಣ! ಅವ್ವನ ಕಡೆ ನೋಡುವ ಧೈರ್ಯ ಆಗಲಿಲ್ಲ. ಸಂಬಂಧ ಕೈತಪ್ಪಬಾರದೆಂದು ಆಕೆ ಹ್ಞೂಂ ಅನ್ನುವುದು ಖಾತ್ರಿಯಿತ್ತು.

ಅವ್ವ ಕಪ್ಪು ಕೆಳಗಿಟ್ಟು ಎದ್ದು ನಿಂತಳು.

“ಇನ್ನೊಮ್ಮೆ ನೆಟ್ ಹೋದ್ರ ಗೋಕಾಕ ಆಫೀಸಿಗೆ ಫೋನ್ ಹಚ್ರಿ,” ಅಂದಳು. “ನಮ್ಮ ಮಗಳು ಡ್ಯೂಟಿ ಮ್ಯಾಲಿರ್ತಾಳ.”