ನನ್ನ ಕಿಡ್ನಿ, ನನ್ನ ಸೊಸೆ

ನನ್ನ ಸೊಸೆ ಬೆತ್ತದ ಕುರ್ಚಿ ಹೆಣೆಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ರಿಪೇರಿಗೆ ಬಂದ ಕುರ್ಚಿಗಳು ಬಾಗಿಲವರೆಗೂ ಕಾಲು ಚಾಚಿಕೊಂಡಿರುತ್ತವೆ. ನಾನು ದಿನಕ್ಕೊಮ್ಮೆಯಾದರೂ ಎಡವಿ ಬೈಯುತ್ತೇನೆ. ಅವಳು ಬೆತ್ತದ ಎಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಗುತ್ತಾಳೆ. ಬೈದರೆ ನಗುವವಳ ಜೊತೆ ಜಗಳವಾಡುವುದಾದರೂ ಹೇಗೆ?

ಅವಳ ಎರಡೂ ಕಿಡ್ನಿ ಕೆಟ್ಟಾಗ ಮಗನದು ಹೊಂದಲಿಲ್ಲ, ನನ್ನದು ಹೊಂದಿತು. ಕೊಟ್ಟೆ. ಅತ್ತೆ ಸೊಸೆಯೆಂಬ ಎಣ್ಣೆ ಸೀಗೇಕಾಯಿ ಒಂದಾದವಲ್ಲ ಎಂದು ಬೀದಿಯವರೆಲ್ಲ ನಕ್ಕರು.

ಡಯಾಲಿಸಿಸ್ ಕಾಲದಲ್ಲಿ ಅವಳ ಮುಟ್ಟು ನಿಂತೇಹೋಗಿತ್ತು. ಕಿಡ್ನಿ ಕಸಿಯಾದ ಎರಡನೇ ತಿಂಗಳು ಮರಳಿ ಬಂತು. ಮೈ ಸುಧಾರಿಸಿತೆಂದು ಹಿಗ್ಗಿದೆವೇ ಹೊರತು ಮುಂದಿನದನ್ನು ಯೋಚಿಸಲಿಲ್ಲ. ತಪಾಸಣೆಗೆ ಹೋದಾಗ ನರ್ಸಮ್ಮ, ಗರ್ಭ ನಿಲ್ಲದಂತೆ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರು. ನನಗೆಲ್ಲಿ ನಿಲ್ಲುತ್ತೆ ಎಂದು ಸೊಸೆ ನಕ್ಕಳು. ನರ್ಸಮ್ಮ ನಗಲಿಲ್ಲ. ಈಗ ಯಾವಾಗ ಬೇಕಾದರೂ ನಿಲ್ಲಬಹುದು, ಕಿಡ್ನಿ ಕಾಯುವ ಮಾತ್ರೆಗಳಲ್ಲೊಂದು ಹೊಟ್ಟೆಯೊಳಗಿನ ಕೂಸಿಗೆ ಕೆಡುಕು, ಅದನ್ನು ನೀವಾಗಿಯೇ ಬಿಟ್ಟರೆ ಕಿಡ್ನಿಗೇ ಕುತ್ತು ಎಂದರು. ಕಡೇಪಕ್ಷ ಒಂದು ವರ್ಷ ಕಾಯಬೇಕು, ವೈದ್ಯರು ಮಾತ್ರೆ ಬದಲಿಸಿದ ಮೇಲಷ್ಟೇ ಮಗುವಿನ ಮಾತು. ಅದೇ ವಾರ ಕಾಪರ್-ಟಿ ಹಾಕಿಸಿದೆವು.

ನನ್ನ ತಂಗಿ ಸುಮ್ಮನಿರುವವಳಲ್ಲ. ಅಕ್ಕ ಕಿಡ್ನಿಯನ್ನೇ ಕೊಟ್ಟಿದ್ದಾಳೆ, ನೀನೊಂದು ಮೊಮ್ಮಗುವನ್ನಾದರೂ ಕೊಡಬಾರದೇ ಎಂದು ಬಂದಾಗಲೆಲ್ಲ ಸೊಸೆಯ ಕಿವಿಯಲ್ಲಿ ಊದುತ್ತಿದ್ದಳಂತೆ. ನನಗೆ ಗೊತ್ತಾದದ್ದು ಒಂದು ಬೆಳಗ್ಗೆ, ಸೊಸೆ ನೆನೆಹಾಕಿದ ಬೆತ್ತವನ್ನು ಹಾಗೇ ಬಿಟ್ಟು ಹೊರಟಾಗ. ಎಲ್ಲಿಗೆ ಎಂದು ಕೇಳಿದೆ. ಕಾಪರ್-ಟಿ ತೆಗೆಸಲು ಎಂದಳು. ಕಸಿಯಾಗಿ ಇನ್ನೂ ಆರು ತಿಂಗಳು, ಮಾತ್ರೆಗಳೆಲ್ಲ ಅವೇ.

ಬಾಗಿಲಿಗೆ ಅಡ್ಡವಾಗಿ ಕುರ್ಚಿಯೊಂದನ್ನು ಎಳೆದು ಕೂತುಬಿಟ್ಟೆ. ಅದಕ್ಕೆ ತಳವನ್ನೇ ಹೆಣೆದಿರಲಿಲ್ಲ. ಸೊಂಟದವರೆಗೂ ಒಳಗೆ ಕುಸಿದೆ. ಅವಳೇ ಓಡಿಬಂದು ಎತ್ತಿದಳು. ಎತ್ತುತ್ತ ಅತ್ತಳು.

"ನೀವು ಅಷ್ಟು ಕೊಟ್ರಿ ಅತ್ತೆ. ನಾನೇನು ಕೊಡ್ಲಿ?"

"ಅದೇನು ಸಾಲಾನಾ, ತೀರಿಸೋಕೆ?" ಎಂದೆ. "ನೀನು ಬದುಕ್ಲಿ ಅಂತ ಕೊಟ್ಟಿದ್ದು. ಮೊಮ್ಮಗು ಆಸೆ ನನಗಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನಿನ್ನನ್ನ ಕಳ್ಕೊಂಡು ನನಗೇನೂ ಬೇಡ. ನಿನಗೆ ಬೇಕು ಅನ್ನಿಸಿದ್ರೆ ನೋಡೋಣ, ಅದೂ ಡಾಕ್ಟ್ರು ಆಗಲಿ ಅಂದ ಮೇಲೆ."

ಅವಳು ಚಪ್ಪಲಿ ಬಿಟ್ಟು ಮತ್ತೆ ಬೆತ್ತದ ಮುಂದೆ ಕೂತಳು. ತಂಗಿಗೆ ನಾನು ಅಂದದ್ದನ್ನು ನಾಲ್ಕು ಜನರ ಮುಂದೆ ಹೇಳುವಂತಿಲ್ಲ. ಆಮೇಲೆ ಯಾರಾದರೂ ಮಗುವಿನ ಮಾತೆತ್ತಿದರೆ ಸೊಸೆ ಅವಸರದ ಗಿರಾಕಿಗಳಿಗೆ ಹೇಳುವುದನ್ನೇ ಹೇಳುತ್ತಿದ್ದಳು: ನೆನೆಯದ ಬೆತ್ತ ಹೆಣೆದರೆ ಮುರಿಯುತ್ತದೆ.

ಮೊನ್ನೆ, ಕಸಿಯಾಗಿ ಎರಡು ವರ್ಷ ಕಳೆದ ಮೇಲೆ, ಕಿಡ್ನಿ ಚೆನ್ನಾಗಿದೆ ಎಂದರು ವೈದ್ಯರು. ಮಗು ಬೇಕೇ ಎಂದು ಅವಳನ್ನು ಕೇಳಿ ನನ್ನ ಮುಖ ನೋಡಿದರು. ನನ್ನ ನಾಲಿಗೆ ತುರಿಸುತ್ತಿತ್ತು. ಕಚ್ಚಿ ಹಿಡಿದು, ಅವಳನ್ನೂ ಮಗನನ್ನೂ ಒಳಗೆ ಬಿಟ್ಟು, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತೆ.

ಬಹಳ ಹೊತ್ತಾದ ಮೇಲೆ ಅವಳು ಬಂದು ಪಕ್ಕದಲ್ಲಿ ಕೂತಳು. ಮೊದಲು ಮಾತ್ರೆ ಬದಲಿಸುತ್ತಾರಂತೆ, ಅದು ಒಗ್ಗಿದೆ ಎಂದು ಖಚಿತವಾದ ಮೇಲೆ ಕಾಪರ್-ಟಿ ತೆಗೆಯುತ್ತಾರಂತೆ ಎಂದಳು. ಆಮೇಲೆ ನನ್ನ ಕೈ ಹಿಡಿದಳು.

"ನಿಮಗೋಸ್ಕರ ಅಲ್ಲ ಅತ್ತೆ. ನನಗೇ ಬೇಕು."

ನಾನು ಕಾದಿದ್ದು ಆ ಮಾತಿಗೇ. ಜನರೆಲ್ಲ ನೋಡುತ್ತಿದ್ದರೂ ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.